ಸಿಂಬೆಯ ಹುಲ್ಲು

ನನ್ನ ಮುಂದೆ ಸಿಂಬೆಯ ಮಾತೆತ್ತಬೇಡಿ ಎಂದು ಎಷ್ಟು ಸಲ ಹೇಳಿದರೂ ಈ ಹಟ್ಟಿಯವರಿಗೆ ಬುದ್ಧಿ ಬರುವುದಿಲ್ಲ. ಒಂದು ಚಿಟಿಕೆ ನಶ್ಯ ಕೈಗಿಟ್ಟು, ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, "ಅತ್ತೆಮ್ಮ, ಅದು ನೋಡಕ್ಕೆ ಹೆಂಗಿತ್ತು?" ಎಂದು ಶುರುಮಾಡುತ್ತಾರೆ. ಹೆಂಗಿತ್ತು ಅಂದರೆ? ಹುಲ್ಲು ಕಣ್ರಯ್ಯ, ಹುಲ್ಲು! ನಿಮ್ಮ ಹೆಂಡಂದಿರು ನೀರಿನ ಗಡಿಗೆ ಹೊರುವಾಗ ನೆತ್ತಿಯ ಮೇಲೆ ಇಟ್ಟುಕೊಳ್ಳುವುದಿಲ್ಲವೆ, ಅದೇ ಸಿಂಬೆ. ಗಾತ್ರ ದೊಡ್ಡದು, ಅಷ್ಟೆ. ಒಬ್ಬ ಗಂಡಸು ಅದರ ಮೇಲೆ ಆರಾಮಾಗಿ ಕೂರಬಹುದಿತ್ತು. ಇಡೀ ಜೂಲು ಸೀಮೆಯಲ್ಲಿ ಹಾಗೆ ಕೂರುವ ಹಕ್ಕಿದ್ದದ್ದು ರಾಜನಿಗೆ ಮಾತ್ರ.

ಒಳಗೆ ಏನಿತ್ತು ಎಂಬುದು ಎಲ್ಲರಿಗೂ ಗೊತ್ತು. ದಂಡು ನಡೆದುಹೋದ ದಾರಿಯ ತುಳಿದ ಹುಲ್ಲು. ಜನ ತೆವಳಿಕೊಂಡು ಒಳಗೆ ಹೊರಗೆ ಓಡಾಡಿ, ಮೈ ಉಜ್ಜಿ ಉಜ್ಜಿ ನುಣುಪಾದ ಬಾಗಿಲ ಕಂಬಗಳಿಂದ ಕೆರೆದ ಪುಡಿ. ಹೊಸ ಫಸಲಿನ ಹಬ್ಬದಲ್ಲಿ ಪ್ರತಿ ದಂಡಿನ ಗಂಡಸರೂ ಮದ್ದು ಕುಡಿದು ಗುಂಡಿಯ ಅಂಚಿಗೆ ನಿಂತು ಕಾರುತ್ತಾರಲ್ಲ, ಆ ಗುಂಡಿಯಲ್ಲಿ ಅದ್ದಿ ತೆಗೆದ ಹುಲ್ಲು. ನನ್ನ ಅಜ್ಜ, ಅಪ್ಪ, ಅಣ್ಣ, ರಾಜರಾಗಿ ಬಾಳಿದವರೆಲ್ಲರ ಮೈಯಿಂದ ಉಜ್ಜಿ ತೆಗೆದ ಮಣ್ಣು. ಗೆದ್ದ ಶತ್ರುಗಳ ಮೈಯ ಮಣ್ಣೂ ಇತ್ತು, ಅವರು ನಮ್ಮ ಕೆಳಗೇ ಬಿದ್ದಿರಲಿ ಅಂತ. ಎಲ್ಲವನ್ನೂ ಹೊಸೆದು, ಸುತ್ತಿ, ಮೇಲೆ ಹೆಬ್ಬಾವಿನ ಚರ್ಮ ಹೊಲಿದದ್ದು. ಅದರಲ್ಲಿ ಒಟ್ಟಿಗೆ ಇರುವ ಜೂಲುಗಳು ಒಬ್ಬರ ಮೇಲೊಬ್ಬರು ಈಟಿ ಎತ್ತುವ ಹಾಗಿಲ್ಲ. ಹಿರಿಯರು ಹಾಕಿಟ್ಟ ಕಟ್ಟು ಅದು.

ಸಿಂಬೆ ಇದ್ದ ಗುಡಿಸಲು ನನ್ನದು. ಬಿಸಿಲು ತಾಗದಂತೆ, ಇಲಿ ಕಡಿಯದಂತೆ, ಪ್ರತಿ ವರ್ಷದ ಹುಲ್ಲು ಸೇರಿಸಿ ಮತ್ತೆ ಹೊಲಿಯುವಂತೆ ನೋಡಿಕೊಳ್ಳುವುದು ನನ್ನ ಕೆಲಸ. ನಾನು ನೊಮಾಫು, ರಾಜನ ಸೋದರತ್ತೆ. ಮದುವೆ ಆಗಲಿಲ್ಲ. ಒಬ್ಬ ಗಂಡನ ಹೆಂಡದ ಮಡಕೆ ತೊಳೆಯುವುದಕ್ಕಿಂತ ಇಡೀ ಸೀಮೆಯ ಗಂಡಸರ ಹುಲ್ಲು ಕಾಯುವುದೇ ವಾಸಿ ಅನ್ನಿಸಿತ್ತು.

ಮಕ್ಕಳಿಲ್ಲ ಎಂದು ಯಾರೂ ಮರುಗಬೇಕಾಗಿಲ್ಲ. ಇಬ್ಬರನ್ನು ಸಾಕಿದ್ದೇನೆ. ಇಬ್ಬರೂ ನನ್ನಣ್ಣನ ಮಕ್ಕಳು. ಜ್ವೆಲಾಕೆ ಪಟ್ಟದ ಹೆಂಡತಿಯ ಮಗ. ಮಾವೇಲ ಕಿರಿಯ ಹೆಂಡತಿಯ ಮಗ, ಹೆತ್ತವಳು ಅವನಿಗೆ ಹಲ್ಲು ಬರುವ ಮೊದಲೇ ತೀರಿಕೊಂಡಳು. ಒಂದೇ ಚಾಪೆಯ ಮೇಲೆ, ಒಂದೇ ಕರುಚರ್ಮದ ಹೊದಿಕೆಯಲ್ಲಿ ಮಲಗಿಸಿದೆ. ಒಂದೇ ಸೋರೆಬುರುಡೆಯ ಗಟ್ಟಿ ಮೊಸರು ತಿನ್ನಿಸಿದೆ. ತೀರಿಹೋದ ರಾಜನ ಹೆಸರು ಹೇಳಬಾರದು ಎನ್ನುತ್ತಾರೆ. ನಾನು ಕುಂಡೆ ತೊಳೆದ ಕೂಸಿನ ಹೆಸರನ್ನು ನಾನು ಹೇಳದೆ ಇನ್ಯಾರು ಹೇಳಬೇಕು?

ಜ್ವೆಲಾಕೆ ಕೆಟ್ಟ ರಾಜನಾಗಿರಲಿಲ್ಲ. ಈಗ ಎಲ್ಲರೂ ಬಾಯಿಗೆ ಬಂದಂತೆ ಆಡುತ್ತಾರೆ. ಅವನ ಮೊದಲ ವರ್ಷಗಳಲ್ಲಿ ಮ್ಫೊಲೋಜಿ ಹೊಳೆಯ ಎರಡೂ ದಡದಲ್ಲಿ ದನ ಹಿಡಿಸಲಾರದಷ್ಟಿತ್ತು. ಅಣ್ಣನ ಕಾಲದಲ್ಲಿ ತಲೆ ನರೆಯುವ ತನಕ ಮದುವೆಗೆ ಅಪ್ಪಣೆ ಸಿಗದೆ ಕೊಳೆಯುತ್ತಿದ್ದ ದಂಡುಗಳಿಗೆ ಅವನು ಬೇಗ ಅಪ್ಪಣೆ ಕೊಟ್ಟ. ಮದುವೆಯಾದ ಗುರುತಿಗೆ ನೆತ್ತಿಯ ಮೇಲೆ ಮೇಣದ ಬಳೆ ಹೊಲಿಸಿಕೊಂಡು ಗಂಡಸರು ಕುಣಿದಾಡಿದ್ದೇ ಕುಣಿದಾಡಿದ್ದು. ಮಾವೇಲನನ್ನು ಮಂಜಿನ ದಂಡು ಎಂದು ಹೆಸರಾದ ಒಂದು ದಂಡಿಗೆ ನಾಯಕ ಮಾಡಿದ. ಅಣ್ಣತಮ್ಮಂದಿರು ದೊಡ್ಡಿಯ ನಡುವೆ ಒಂದೇ ಮಡಕೆಯಿಂದ ಜೋಳದ ಹೆಂಡ ಹೀರುವುದನ್ನು ನೋಡಿ ನನಗೆ ಹೊಟ್ಟೆ ತಣ್ಣಗಾಗುತ್ತಿತ್ತು.

ಕೆಟ್ಟದ್ದು ಶುರುವಾದದ್ದು ಒಂದು ಹಾಡಿನಿಂದ. ಉತ್ತರದ ಗುಡ್ಡಗಳಿಂದ ಮಾವೇಲ ದನ ಹೊಡೆದುಕೊಂಡು ಬಂದ ದಿನ ಹಾಡುಗಾರ ಅವನ ಹೊಗಳಿಕೆಯನ್ನು ರಾಜನ ಹೊಗಳಿಕೆಗಿಂತ ಒಂದುಸಿರು ಉದ್ದ ಹಾಡಿಬಿಟ್ಟ. ಜನ ಹೋ ಎಂದರು. ನಾನು ಜ್ವೆಲಾಕೆಯ ಮುಖ ನೋಡಿದೆ. ನಗುತ್ತಿದ್ದ, ಆದರೆ ಕೈಯಲ್ಲಿದ್ದ ನಶ್ಯದ ಚಮಚವನ್ನು ಮುರಿದಿದ್ದ. ಆಮೇಲೆ ಆ ಹಾಡುಗಾರನನ್ನು ಯಾರೂ ನೋಡಲಿಲ್ಲ. ಅವನ ಹೆಂಡತಿ ಮೂರು ಹಟ್ಟಿ ಅಲೆದು ಸುಮ್ಮನಾದಳು.

ಆ ಬೇಸಗೆಯಲ್ಲೇ ಥೆಕ್ವಾನೆ ಹಕ್ಕಿ ಬಂದು ರಾಜನ ಗುಡಿಸಲಿನ ಮೇಲೆ ಕೂತಿತು. ಹೊಳೆಯ ದಡದಲ್ಲಿ ಕಪ್ಪೆ ಹಿಡಿದುಕೊಂಡಿರುವ ಕಂದು ಹಕ್ಕಿ, ಅದಕ್ಕೇನು ಕೆಲಸ ಮನೆಯ ಮೇಲೆ? ಕೂತು, ತಲೆ ಹಿಂದಕ್ಕೆ ಮುಂದಕ್ಕೆ ಆಡಿಸಿ, ಒಂದು ಹಿಡಿ ಚಾವಣಿ ಹುಲ್ಲು ಕಿತ್ತುಕೊಂಡು ಹೊಳೆಯಾಚೆಗೆ ಹಾರಿತು. ನೋಡಿದ ಹೆಂಗಸರೆಲ್ಲ ಬಾಯಿಗೆ ಕೈ ಇಟ್ಟುಕೊಂಡರು. ಆ ಹಕ್ಕಿ ಕೂತ ಮನೆ ಉಳಿಯುವುದಿಲ್ಲ ಎಂದು ಎದೆಹಾಲು ಕುಡಿಯುವ ಮಗುವಿಗೂ ಗೊತ್ತು. ರಾಜ ಕಣಿ ಹೇಳುವ ನೊಹಾಯಳನ್ನು ಕರೆಸಿದ.

ಮಾರನೆಯ ಬೆಳಗ್ಗೆ ಅವನೇ ನನ್ನ ಗುಡಿಸಲಿಗೆ ಬಂದ. ಬಾಗಿಲಲ್ಲಿ ತೆವಳಿ ಒಳಗೆ ಬಂದವನು ಕೂರಲಿಲ್ಲ. ಸಿಂಬೆಯನ್ನೇ ದಿಟ್ಟಿಸುತ್ತ ನಿಂತ.

"ಅತ್ತೆ, ನೊಹಾಯ ಕಣಿ ಹೇಳಿದಳು."

"ಹೇಳ್ತಾಳೆ ಬಿಡು. ಹಸು ಕೊಟ್ರೆ ಏನು ಬೇಕಾದ್ರೂ ಹೇಳ್ತಾಳೆ."

"ನಗಾಡಬೇಡ. 'ನಿನ್ನ ಶತ್ರು ನೀನು ಕೂರೋ ಜಾಗದಲ್ಲೇ ಇದ್ದಾನೆ' ಅಂದಳು. ನಾನು ಎಲ್ಲಿ ಕೂರ್ತೀನಿ, ನೀನೇ ಹೇಳು."

ಮಾತು ಎಲ್ಲಿಗೆ ಹೊರಟಿದೆ ಎಂದು ನನಗೆ ತಿಳಿಯಿತು. ಆದರೂ ಬಾಯಿ ಸುಮ್ಮನಿರಬೇಕಲ್ಲ. "ಶತ್ರು ಕೆಳಗಿದ್ರೆ ಒಳ್ಳೇದಲ್ವೇನೋ, ಪೆದ್ದು ಮುಂಡೇದೆ! ನಿಮ್ಮ ತಾತ ಸೋತ ರಾಜರನ್ನೆಲ್ಲ ಇದರೊಳಗೆ ಹಾಕಿ ಹೊಲಿಸಿದ್ದು ಯಾಕೆ? ಕೆಳಗೇ ಬಿದ್ದಿರಲಿ ಅಂತ. ಕೆಳಗಿರೋನನ್ನ ನೀನು ಎಬ್ಬಿಸಿದ್ರೆ ಅವನು ಹೋಗಿ ಎಲ್ಲಿ ಕೂರ್ತಾನೆ? ನಿನ್ನ ತಲೆ ಮೇಲೆ!"

"ಮಂಜಿನ ದಂಡಿನ ಹುಲ್ಲು ತೆಗೆದುಬಿಡು."

"ಏನಂದೆ?"

"ಮಾವೇಲಂದು, ಅವನ ದಂಡಿಂದು. ಸಿಂಬೆ ಬಿಚ್ಚು, ಅದಷ್ಟನ್ನ ತೆಗಿ, ಮತ್ತೆ ಹೊಲಿ. ನಾನು ಅದನ್ನ ಎಲ್ಲರ ಎದುರು ಸುಡ್ತೀನಿ."

ಹುಲ್ಲಿಗೇನು ಹೆಸರು ಬರೆದಿದೆಯೆ? ಎಷ್ಟೋ ಕಾಲದ ಹುಲ್ಲು ಒಂದಕ್ಕೊಂದು ಹೊಸೆದುಕೊಂಡು ಕರಿ ಮುದ್ದೆಯಾಗಿದೆ. ಹಾಗೆಂದು ಹೇಳಿದೆ. ಬೇಡಿಕೊಂಡೆ, ಬೈದೆ. ಅವನು ಕೇಳಿಸಿಕೊಂಡ. ಆಮೇಲೆ ತಣ್ಣನೆಯ ದನಿಯಲ್ಲಿ, "ನೀನು ಅವನ ಹುಲ್ಲು ತೆಗೆದು ಕೊಟ್ರೆ ಅವನು ಜೀವ ಉಳಿಸಿಕೊಂಡು ಹೊಳೆ ದಾಟಲಿ. ತೆಗೆಯಲ್ಲ ಅಂದ್ರೆ ಅವನು ಇದರೊಳಗೇ ಇರ್ತಾನೆ, ಆದ್ರೆ ಉಸಿರಾಡ್ಕೊಂಡು ಇರಲ್ಲ. ಇನ್ನು ನಿನ್ನಿಷ್ಟ, ಅತ್ತೆ," ಎಂದ.

ನನ್ನಿಷ್ಟವಂತೆ! ನನ್ನ ಚಾಪೆಯ ಮೇಲೆ ಉಚ್ಚೆ ಹೊಯ್ದುಕೊಂಡು ಬೆಳೆದ ಇಬ್ಬರಲ್ಲಿ ಒಬ್ಬ ಇನ್ನೊಬ್ಬನ ಕತ್ತು ನನ್ನ ಕೈಗೆ ಕೊಟ್ಟು ಹೋದ.

ನಾನು ಮಾಡಿದ್ದನ್ನು ಹೇಳುತ್ತೇನೆ. ತಪ್ಪೊಪ್ಪಿಗೆ ಅಂದುಕೊಳ್ಳಬೇಡಿ, ಈಗಲೂ ಅದೇ ಮಾಡುತ್ತೇನೆ. ಸಿಂಬೆಯನ್ನು ಮುಟ್ಟಲಿಲ್ಲ. ಒಲೆಯ ಮೇಲಿನ ಚಾವಣಿಯಲ್ಲಿ ಹೊಗೆ ಹಿಡಿದು ಕಪ್ಪಾದ ಹುಲ್ಲಿತ್ತು. ಅದರಿಂದ ಒಂದು ಕಂತೆ ಎಳೆದು, ಹಸುವಿನ ಕೊಬ್ಬು ಸವರಿ, ಕೈಯಲ್ಲಿ ಹೊಸೆದೆ. ನೋಡಿದರೆ ನಾನೇ ಮೋಸಹೋಗುವ ಹಾಗಿತ್ತು. ಹೆಬ್ಬಾವಿನ ಚರ್ಮದ ಒಂದು ಕಡೆಯ ಹೊಲಿಗೆ ಬಿಚ್ಚಿ, ಎಲ್ಲರಿಗೂ ಕಾಣುವಂತೆ ದನದ ನರದ ಹೊಸ ದಾರದಿಂದ ಮತ್ತೆ ಹೊಲಿದೆ. ಸಿಂಬೆ ಸಿಂಬೆಯಾಗೇ ಇತ್ತು. ನನ್ನ ಮಕ್ಕಳಿಬ್ಬರೂ ಅದರೊಳಗೇ ಇದ್ದರು.

ದೊಡ್ಡಿಯಲ್ಲಿ ಎಲ್ಲ ದಂಡುಗಳೂ ಗುರಾಣಿ ಹಿಡಿದು ನಿಂತಿದ್ದ ಮಧ್ಯಾಹ್ನ ರಾಜ ಆ ಕಂತೆಯನ್ನು ಬೆಂಕಿಗೆ ಹಾಕಿದ. ಕೊಬ್ಬು ಚಟಪಟ ಎಂದಿತು.  ನಾನು ಮಾವೇಲನ ಹತ್ತಿರ ಹೋದೆ. ಅವನು ನಿಂತಲ್ಲೇ ನಿಂತಿದ್ದ, ಹಟಮಾರಿ, ಚಿಕ್ಕಂದಿನಿಂದಲೂ ಹಾಗೇ.

"ಹೊರಡೋ," ಎಂದೆ. "ಹೊಳೆ ದಾಟು."

"ಯಾಕೆ ಹೋಗಲಿ? ನಾನು ಸಿಂಬೆಯಲ್ಲಿ ಇರೋನು. ಅಣ್ಣನಿಗೆ ಸಿಟ್ಟು ಇಳಿಯುತ್ತೆ. ಇಲ್ಲೇ ಕೂತಿರ್ತೀನಿ."

ರಾಜನ ಹಿಂದೆ ಕತ್ತು ತಿರುಚುವವರು ಕೈ ಬೆರಳು ನೆಟಿಕೆ ಮುರಿದುಕೊಳ್ಳುತ್ತ ನಿಂತಿದ್ದರು. ನಿಜ ಹೇಳಿದರೆ ಇವನು ಕದಲುವುದಿಲ್ಲ. ಅದಕ್ಕೇ ಎಲ್ಲರಿಗೂ ಕೇಳುವಂತೆ, "ನೀನು ಅದರಲ್ಲಿ ಇಲ್ಲ ಕಣೋ!" ಎಂದು ಅರಚಿದೆ. "ನಾನೇ ಈ ಕೈಯಾರೆ ಕಿತ್ತು ತೆಗೆದೆ. ಅಗೋ ಉರೀತಿದೆಯಲ್ಲ, ಅದೇ ನೀನು. ಈ ಮನೇಗೂ ನಿನಗೂ ಏನೂ ಇಲ್ಲ. ತೊಲಗು!"

ಅವನು ನನ್ನನ್ನು ನೋಡಿದ ನೋಟವಿದೆಯಲ್ಲ, ಅದನ್ನು ನಾನು ಹೊತ್ತುಕೊಂಡೇ ಸಾಯಬೇಕು. ಆಮೇಲೆ ತಿರುಗಿ ನಡೆದ. ಸಿಟ್ಟು ಇಳಿದ ಮೇಲೆ ಗುಟ್ಟಾಗಿ ಆಳು ಕಳಿಸಿ ನಿಜ ತಿಳಿಸಿದರಾಯಿತು, ಈಗ ಜೀವ ಉಳಿಯಲಿ ಎಂದು ನಾನು ಅಂದುಕೊಂಡೆ.

ಅವನೊಬ್ಬನೇ ಹೋಗುತ್ತಾನೆ ಎಂದು ರಾಜನೂ ಅಂದುಕೊಂಡಿದ್ದ, ನಾನೂ ಅಂದುಕೊಂಡಿದ್ದೆ. ಆದರೆ ಮಂಜಿನ ದಂಡಿನ ಗಂಡಸರೆಲ್ಲ ಗುರಾಣಿ ಎತ್ತಿಕೊಂಡು ಅವನ ಹಿಂದೆ ನಡೆದರು. ಓಡಲಿಲ್ಲ, ಕೂಗಾಡಲಿಲ್ಲ. ಸಂಜೆ ದನ ಮನೆಗೆ ಹೋಗುವಂತೆ ಹೋದರು. ತಡೆಯಲು ರಾಜ ಕೈ ಎತ್ತಿ, ಹಾಗೇ ಇಳಿಸಿದ. ಏನೆಂದು ತಡೆದಾನು? ಅವರು ನನ್ನವರಲ್ಲ ಎಂದು ಈಗಷ್ಟೇ ಅವನೇ ಬೆಂಕಿ ಹಚ್ಚಿ ಸಾರಿದ್ದ.

ಆಗ ಗುಬೇವು ಮುಂದೆ ಬಂದ. ಕರಿಗೂಳಿ ದಂಡಿನ ನಾಯಕ, ನನ್ನಣ್ಣನ ಕಾಲದವನು, ಒಂದು ಕಣ್ಣು ಯುದ್ಧದಲ್ಲಿ ಕಳೆದುಕೊಂಡವನು. "ಒಡೆಯಾ," ಎಂದು ಮಂಡಿಯೂರಿದ, "ಒಂದು ಮಾತು ಕೇಳಬಹುದಾ?"

"ಕೇಳು."

"ಬೆಂಕಿಗೆ ಹೋದದ್ದು ಮಂಜಿನ ದಂಡಿನ ಹುಲ್ಲೇ ಅಂತ ಹೆಂಗೆ ಗೊತ್ತಾಯ್ತು? ನಾವೂ ಅದೇ ಗುಂಡಿಗೇ ಕಾರಿದ್ದು. ಪಕ್ಕಪಕ್ಕದಲ್ಲೇ ನಿಂತಿದ್ವಿ."

ರಾಜ ನನ್ನ ಕಡೆ ನೋಡಿದ. ದಂಡುಗಳೆಲ್ಲ ನನ್ನ ಕಡೆ ನೋಡಿದವು.

"ಕೈಗೆ ಗೊತ್ತಾಗುತ್ತೆ," ಎಂದೆ. ಇನ್ನೇನು ಹೇಳಲಿ?

"ನಿಮ್ಮ ಕೈಗೆ ಶರಣು, ಅತ್ತೆಮ್ಮ," ಎಂದ ಗುಬೇವು. ಅವನ ಒಂಟಿ ಕಣ್ಣು ನಂಬಿರಲಿಲ್ಲ. ಹಿಂದೆ ನಿಂತಿದ್ದ ಅವನ ಜನರೂ ನಂಬಿರಲಿಲ್ಲ.

ಗುಬೇವು ಆ ಸಲ ತನ್ನ ಹಟ್ಟಿ ಮುಟ್ಟಲಿಲ್ಲ. ದಾರಿಯ ಮುಳ್ಳುಮರದ ಕೆಳಗೆ, ಮುಖ ಬೆನ್ನ ಕಡೆಗೆ ತಿರುಗಿದಂತೆ ಬಿದ್ದಿದ್ದನಂತೆ. ಒಂದು ಪ್ರಶ್ನೆ ಕೇಳಿದ್ದಕ್ಕೆ. ಅಲ್ಲಿಗೆ ಎಲ್ಲರಿಗೂ ಉತ್ತರ ಸಿಕ್ಕಂತಾಯಿತು: ಕರಿಗೂಳಿ ದಂಡಿನ ಹುಲ್ಲೂ ಸುಟ್ಟಿದೆ, ಅದಕ್ಕೇ ಬಾಯಿ ಮುಚ್ಚಿಸಿದ್ದಾರೆ. ಆಮೇಲೆ ನೋಡಿ, ಹಟ್ಟಿಹಟ್ಟಿಯಲ್ಲಿ ಅದೇ ಮಾತು. ನಮ್ಮದು ಇದೆಯಾ? ನಿಮ್ಮದು ಇದೆಯಾ? ಬೆಳಗಾದರೆ ಯಾವುದೋ ಹಟ್ಟಿ ಖಾಲಿ. ಒಲೆಯ ಬೂದಿ ಬೆಚ್ಚಗಿರುತ್ತಿತ್ತು, ಜನ ಇರುತ್ತಿರಲಿಲ್ಲ, ದನ ಇರುತ್ತಿರಲಿಲ್ಲ. ಎಲ್ಲ ಹೊಳೆಯಾಚೆ, ಮಾವೇಲನ ಕಡೆಗೆ.

ನಾನು ಮಾವೇಲನಿಗೆ ಹೇಳಿ ಕಳಿಸಿದೆ. ನಂಬಿಕಸ್ತ ಮುದುಕನೊಬ್ಬನನ್ನು ಕಳಿಸಿದೆ. ಅವನು ತಿರುಗಿ ಬರಲಿಲ್ಲ. ದಾರಿಯಲ್ಲಿ ರಾಜನ ಕಾವಲಿನವರಿಗೆ ಸಿಕ್ಕಿಬಿದ್ದನೋ, ಆ ಕಡೆಯವರೇ ಮುಗಿಸಿದರೋ ತಿಳಿಯದು. ಇನ್ನೊಬ್ಬನನ್ನು ಸಾವಿಗೆ ಕಳಿಸುವ ಧೈರ್ಯ ನನಗಾಗಲಿಲ್ಲ. ಸಿಟ್ಟು ಇಳಿಯುತ್ತದೆ ಎಂದಿದ್ದೆನಲ್ಲ, ಜ್ವೆಲಾಕೆಯದ್ದು ಸಿಟ್ಟಾಗಿದ್ದರೆ ತಾನೆ ಇಳಿಯುವುದು? ಅದು ಭಯ. ಮಲಗುವ ಗುಡಿಸಲನ್ನು ದಿನಕ್ಕೊಂದರಂತೆ ಬದಲಾಯಿಸಿದ. ಹಾಲು ಕರೆಯುವವನಿಗೇ ಮೊದಲು ಕುಡಿಸಿ, ಅವನ ಮುಖವನ್ನೇ ನೋಡುತ್ತ ಕೂರುತ್ತಿದ್ದ. ಹೊಸ ಫಸಲಿನ ಹಬ್ಬ ಬಂದಾಗ ದೊಡ್ಡಿಯ ಅರ್ಧದಲ್ಲಿ ಹುಲ್ಲು ಬೆಳೆದಿತ್ತು. "ಬಾಯೇತೆ!" ಎಂದು ರಾಜನಿಗೆ ಕೂಗುವ ಜೈಕಾರ ಬೆಟ್ಟಕ್ಕೆ ಹೊಡೆದು ಮರುದನಿ ಕೊಡುತ್ತಿತ್ತು ಮೊದಲೆಲ್ಲ. ಆ ವರ್ಷ ಬೇಲಿಯ ಆಚೆಗೂ ಕೇಳಿರಲಾರದು.

ಚಳಿಗಾಲದ ಒಂದು ಬೆಳಗ್ಗೆ ಹೊಳೆಯ ಕಡೆಯಿಂದ ಗುರಾಣಿಗಳ ಸದ್ದು ಬಂತು. ಉಳಿದಿದ್ದ ಕಾವಲಿನವರು ಬೇಲಿ ಹಾರಿ ಓಡಿದರು. ಜ್ವೆಲಾಕೆ ನನ್ನ ಗುಡಿಸಲಿಗೆ ತೆವಳಿ ಬಂದ, ಕೈಯಲ್ಲಿ ಒಂದು ಕುಳ್ಳ ಈಟಿ. ನೇರ ಹೋಗಿ ಸಿಂಬೆಯ ಮೇಲೆ ಕೂತುಬಿಟ್ಟ. ಎಷ್ಟು ಸೊರಗಿದ್ದ ನನ್ನ ಕೂಸು! ಮೊಣಕಾಲ ಚಿಪ್ಪುಗಳು ಕೊಡಲಿಯಂತೆ ಎದ್ದಿದ್ದವು.

"ಇದರ ಮೇಲೆ ಕೂತಿರೋನನ್ನ ಯಾರೂ ಮುಟ್ಟಲ್ಲ ಅಲ್ವಾ ಅತ್ತೆ?"

"ಇದರೊಳಗೆ ಇರೋರು ಮುಟ್ಟಲ್ಲ."

"ಅವನು ಇದರೊಳಗೆ ಇಲ್ಲ."

"ಇದ್ದಾನೆ," ಎಂದೆ. ಅಲ್ಲಿಯೇ, ಒಲೆಯ ಪಕ್ಕ ಕೂತು ಎಲ್ಲ ಹೇಳಿದೆ. ಚಾವಣಿಯಲ್ಲಿ ಹುಲ್ಲು ಎಳೆದ ಜಾಗ ತೋರಿಸಿದೆ. ಸೀದಾ ಬೆಳಕು ಬರುತ್ತಿತ್ತು ಅಲ್ಲಿಂದ, ಎಂದೂ ಮುಚ್ಚಿಸಿರಲಿಲ್ಲ. ನನ್ನನ್ನು ತಿವಿದುಹಾಕುತ್ತಾನೆ ಎಂದೇ ತಿಳಿದಿದ್ದೆ. ಅವನು ಮೇಲೆ ನೋಡಿದ, ಕೆಳಗೆ ನೋಡಿದ, ಆಮೇಲೆ ಎಷ್ಟೋ ಕಾಲದ ಮೇಲೆ ನಕ್ಕ. ಚಿಕ್ಕವನಿದ್ದಾಗ ಮೊಸರು ಕದ್ದು ಸಿಕ್ಕಿಬಿದ್ದರೆ ನಗುತ್ತಿದ್ದನಲ್ಲ, ಹಾಗೆ.

"ಕಳ್ಳಿ ನೀನು ಅತ್ತೆ! ಹಂಗಾದ್ರೆ ನಾವಿಬ್ರೂ ಇದರಲ್ಲೇ ಇದ್ದೀವಾ?"

"ಇಬ್ರೂ ಇದ್ದೀರಿ. ಯಾರೂ ಎಲ್ಲಿಗೂ ಹೋಗಿಲ್ಲ."

"ಹೋಗು, ಅವನಿಗೆ ಹೇಳು. ಬೇಗ ಹೋಗು. ಮನೆಗೆ ಬಾ ಅಂತ ಹೇಳು."

ಹೊರಗೆ ಮಾವೇಲ ನಿಂತಿದ್ದ, ಹಿಂದೆ ಮಂಜಿನ ದಂಡು. ಗಡ್ಡದಲ್ಲಿ ನರೆ ಬಂದಿತ್ತು. ಅವನ ಕಾಲು ಹಿಡಿದುಕೊಂಡೆ. ನಾನು, ರಾಜರ ಮಗಳು, ನಾನು ಸಾಕಿದವನ ಕಾಲು ಹಿಡಿದುಕೊಂಡೆ.

"ಸುಟ್ಟದ್ದು ಚಾವಣಿ ಹುಲ್ಲು ಕಣಪ್ಪಾ! ನೀನು ಇನ್ನೂ ಅದರಲ್ಲೇ ಇದ್ದೀಯ. ಅವನ ಮೇಲೆ ಕೈ ಎತ್ತಬೇಡ, ಹಿರಿಯರು ಸುಮ್ಮನಿರಲ್ಲ."

"ಏಳು ಅತ್ತೆ," ಎಂದು ನನ್ನ ತೋಳು ಹಿಡಿದು ಎಬ್ಬಿಸಿದ, ತುಂಬ ಮೆತ್ತಗೆ. "ಅವತ್ತು ಅಷ್ಟು ಜನರ ಎದುರಿಗೆ ಕೈಯಾರೆ ಕಿತ್ತೆ ಅಂದೆ. ಇವತ್ತು ಕೀಳಲಿಲ್ಲ ಅಂತೀಯ. ಯಾವುದನ್ನ ನಂಬಲಿ?"

"ಇವತ್ತಿಂದು ನಂಬು."

"ಸರಿ. ತೋರಿಸು. ನನ್ನ ಹುಲ್ಲು ಯಾವುದು, ತೋರಿಸು."

ಮೊದಲು ನಾನು ಒಳಗೆ ತೆವಳಿದೆ. ಜ್ವೆಲಾಕೆ ಎಲ್ಲ ಕೇಳಿಸಿಕೊಂಡಿದ್ದ. ನಾನು ಬೇಡ ಬೇಡ ಎನ್ನುವಷ್ಟರಲ್ಲಿ ಈಟಿಯಿಂದ ಹೆಬ್ಬಾವಿನ ಚರ್ಮ ಸೀಳಿ, "ತೋರಿಸು ಅತ್ತೆ, ಅವನಿಗೆ ತೋರಿಸು," ಎನ್ನುತ್ತ ಎರಡೂ ಕೈಯಲ್ಲಿ ಹುಲ್ಲು ಎಳೆಯತೊಡಗಿದ. ಕರಿ ಹುಲ್ಲು ನೆಲದ ತುಂಬ ಬಿತ್ತು. ಹಳೆಯ ಕೊಬ್ಬಿನ, ಮಣ್ಣಿನ ವಾಸನೆ ಗುಡಿಸಲನ್ನೆಲ್ಲ ತುಂಬಿತು.

ಆಗ ಮಾವೇಲ ಬಾಗಿಲಲ್ಲಿ ತಲೆ ಹಾಕಿದ. ನಮ್ಮ ಬಾಗಿಲು ನಿಮಗೆ ಗೊತ್ತಲ್ಲ, ಎಂಥ ವೀರನಾದರೂ ಮಂಡಿಯೂರಿ ಕತ್ತು ಬಗ್ಗಿಸಿಯೇ ಬರಬೇಕು. ಒಂದು ಗಳಿಗೆ ಅವನ ಬರಿ ಕತ್ತು ಅಣ್ಣನ ಈಟಿಗೆ ಮೊಳದಷ್ಟು ದೂರದಲ್ಲಿತ್ತು.  ಜ್ವೆಲಾಕೆ ಆ ಕತ್ತನ್ನು ನೋಡಿದ. ನೋಡಿ, ಈಟಿಯನ್ನು ಹುಲ್ಲಿನ ಮೇಲೆ ಇಟ್ಟುಬಿಟ್ಟ. ಸಿಂಬೆಯೊಳಗಿನವನ ಮೇಲೆ ಕೈ ಎತ್ತಬಾರದಲ್ಲ. ನನ್ನ ಮಾತನ್ನು ಅವನು ನಂಬಿದ್ದ.

ಮಾವೇಲ ಎದ್ದು ನಿಂತ. ನೆಲದ ಹುಲ್ಲನ್ನು ಒಂದು ಹಿಡಿ ಎತ್ತಿ ಮೂಸಿದ, ಬೆರಳಲ್ಲಿ ತಿಕ್ಕಿದ. "ಇದಾ?" ಎಂದ. ಇನ್ನೊಂದು ಹಿಡಿ ಎತ್ತಿದ. "ಇದಾ ಅತ್ತೆ?"

ಹೌದು ಎನ್ನಬೇಕಿತ್ತು. ಯಾವುದನ್ನು ಎತ್ತಿದರೂ ಹೌದು ಎನ್ನಬೇಕಿತ್ತು. ಜೀವಮಾನದಲ್ಲಿ ಅಷ್ಟು ಸುಳ್ಳು ಹೇಳಿದ ಬಾಯಿ ಆ ಗಳಿಗೆಯಲ್ಲಿ ಸುಳ್ಳಿಗೆ ತಿರುಗಲಿಲ್ಲ. ಕೊನೆಗೆ, "ಎಲ್ಲ ಒಂದೇ ಕಣೋ, ಬೇರೆ ಮಾಡಕ್ಕೆ ಆಗಲ್ಲ," ಎಂದೆ. ಅದು ನಿಜ. ಇಡೀ ಕಥೆಯಲ್ಲಿ ಅದೊಂದೇ ನಿಜ, ಅದನ್ನು ಕೇಳಿಯೇ ಅವನ ಮುಖ ಕಲ್ಲಾಯಿತು.

"ಅವತ್ತು ಬೇರೆ ಮಾಡಿದ್ಯಲ್ಲ," ಎಂದ. ಆಮೇಲೆ ಅಣ್ಣನ ಕಡೆ ತಿರುಗಿದ. ರಾಜರ ಮನೆಯ ರಕ್ತ ನೆಲಕ್ಕೆ ಬೀಳಬಾರದು ಎಂದು, ಕತ್ತು ತಿರುಚಲು ಇಬ್ಬರು ಗಂಡಸರನ್ನು ಒಳಗೆ ಕರೆದ.  ಜ್ವೆಲಾಕೆ ಹುಲ್ಲು ಹಿಡಿದ ಕೈಯನ್ನು ಮಾವೇಲನ ಕಡೆ ಚಾಚಿಯೇ ಇದ್ದ, ಕೊನೆಯವರೆಗೂ.

ಹೊರಗೆ "ಬೆಟ್ಟ ಕುಸಿಯಿತು" ಎಂದು ಸಾರಿದರು. ರಾಜ ಹೋದರೆ ಹಾಗೇ ಹೇಳುವುದು. ಅದೇ ದಿನ "ಬಾಯೇತೆ!" ಎಂದು ಮಾವೇಲನಿಗೆ ಕೂಗಿದರು.

ಅವನೀಗ ರಾಜ. ಮ್ಫೊಲೋಜಿಯ ಎರಡೂ ದಡ ಅವನದ್ದು. ಕೂರಲು ಸಿಂಬೆ ಮಾತ್ರ ಇಲ್ಲ. ಚೆಲ್ಲಿದ್ದ ಹುಲ್ಲನ್ನು ನಾನು ಒಬ್ಬಳೇ ಆಯ್ದು, ಜ್ವೆಲಾಕೆಯ ಜೊತೆಗೇ ಮಣ್ಣಿಗೆ ಹಾಕಿದೆ. ಪ್ರತಿ ಹಬ್ಬಕ್ಕೆ ಮುಂಚೆ ಮಾವೇಲ ಹೊಸ ಸಿಂಬೆ ಕಟ್ಟಿಕೊಡು ಎಂದು ನನ್ನ ಹಟ್ಟಿಗೆ ಬರುತ್ತಾನೆ. ಒಳಗೆ ಬರುವುದಿಲ್ಲ. ಒಳಗೆ ಯಾರಾದರೂ ಇರುವ ಯಾವ ಗುಡಿಸಲಿಗೂ ಅವನು ತೆವಳುವುದಿಲ್ಲವಂತೆ, ಹೆಂಡಂದಿರ ಗುಡಿಸಲಿಗೂ. ಮೊದಲು ಎಲ್ಲರನ್ನೂ ಹೊರಗೆ ಕರೆಸುತ್ತಾನಂತೆ. ಕತ್ತಿನ ಹಿಂದೆ ಕೈ ಇಟ್ಟುಕೊಂಡೇ ನಡೆಯುವ ಅಭ್ಯಾಸ ಬಂದಿದೆ. ಮೊನ್ನೆ ಅವನ ಗುಡಿಸಲಿನ ಮೇಲೆ ಥೆಕ್ವಾನೆ ಕೂತಿತ್ತು ಎಂದು ಹೆಂಗಸರು ಹೇಳಿದರು.

ನಿನ್ನೆಯೂ ಬಂದಿದ್ದ. ಬಾಗಿಲ ಹೊರಗೆ ಬಿಸಿಲಲ್ಲಿ ನಿಂತು, "ಅತ್ತೆ, ಹುಲ್ಲು ಕೊಯ್ದೆಯಾ?" ಎಂದು ಕೇಳಿದ.

"ಇಲ್ಲಪ್ಪ," ಎಂದು ಒಳಗಿಂದಲೇ ಹೇಳಿದೆ. "ಈ ವರ್ಷದ ಹುಲ್ಲು ಚೆನ್ನಾಗಿಲ್ಲ."